ಕ್ರಿಪ್ಟೊಗೆ ತೆರಿಗೆ ಇದೆ ಎಂದ ಮಾತ್ರಕ್ಕೆ ಕಾನೂನಿನ ರಕ್ಷಣೆಯೂ ಇದೆಯೇ?

ಪ್ರಶ್ನೆ – ಮಲೆನಾಡಿಗ

ನಮಸ್ಕಾರ. ನನ್ನ ತಮ್ಮ 1 ಲಕ್ಷ ರೂಪಾಯಿಗೆ ಕೊಂಡಿದ್ದ ಬಿಟ್‌ಕಾಯಿನ್ ಅನ್ನು ಎಕ್ಸ್‌ಚೇಂಜ್ ಒಂದರಲ್ಲಿ 1.6 ಲಕ್ಷಕ್ಕೆ ಮಾರಿದ್ದಾನೆ. ಅದೇ ವರ್ಷ ಬೇರೊಂದು ಕಾಯಿನ್‌ನಲ್ಲಿ ಅವನಿಗೆ 40 ಸಾವಿರ ನಷ್ಟವಾಗಿದೆ. ಉಳಿದ 20 ಸಾವಿರಕ್ಕೆ ಮಾತ್ರ ತೆರಿಗೆ ಎಂಬುದು ಅವನ ಲೆಕ್ಕ. ಸರ್ಕಾರವೇ ತೆರಿಗೆ ಪಡೆಯುತ್ತಿರುವುದರಿಂದ ಹಣಕ್ಕೆ ಕಾನೂನಿನ ರಕ್ಷಣೆಯೂ ಇದೆ ಎನ್ನುತ್ತಾನೆ. ಇವೆರಡೂ ಸರಿಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 – ಲೆಕ್ಕಪತ್ರ

ಲೆಕ್ಕ ತಪ್ಪಾಗಿದೆ. 2022ರ ಹಣಕಾಸು ಕಾಯ್ದೆಯು ಕ್ರಿಪ್ಟೊವನ್ನು ‘ವರ್ಚುವಲ್ ಡಿಜಿಟಲ್ ಆಸ್ತಿ’ (ವಿಡಿಎ) ಎಂದು ಕರೆದು, ಅದರ ಮಾರಾಟದಿಂದ ಬರುವ ಲಾಭದ ಮೇಲೆ ಶೇ 30ರಷ್ಟು ತೆರಿಗೆ ವಿಧಿಸಿತು. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಆದ್ದರಿಂದ ನಿಮ್ಮ ತಮ್ಮನಿಗೆ ಪೂರ್ತಿ 60 ಸಾವಿರದ ಮೇಲೆ 18,000 ರೂಪಾಯಿ ತೆರಿಗೆ, ಅದರ ಮೇಲೆ ಶೇ 4ರ ಸೆಸ್ 720 ರೂಪಾಯಿ, ಒಟ್ಟು 18,720 ರೂಪಾಯಿ ಬರುತ್ತದೆ. 40 ಸಾವಿರದ ನಷ್ಟವನ್ನೂ ಲೆಕ್ಕಕ್ಕೆ ತಂದರೆ ಕೈಗೆ ಉಳಿಯುವುದು ಸಾವಿರದ ಚಿಲ್ಲರೆ. ಷೇರು ವ್ಯವಹಾರದಲ್ಲಿ ನಷ್ಟ ಹೊಂದಿಸಲು ಅವಕಾಶವಿರುವಾಗ ಇಲ್ಲಿ ನಿರಾಕರಿಸಿರುವುದು ನ್ಯಾಯವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಆದರೆ ಕಾನೂನು ಇರುವುದು ಹೀಗೆಯೇ.

ಮಾರಾಟದ ಮೊತ್ತದಲ್ಲಿ ಶೇ 1ರಷ್ಟು, ಅಂದರೆ 1,600 ರೂಪಾಯಿ, ಟಿಡಿಎಸ್ ಆಗಿ ಕಡಿತವಾಗಿರಬೇಕು. ಅದು ಆದಾಯ ತೆರಿಗೆ ಇಲಾಖೆಯ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸುತ್ತಿದೆಯೇ ಎಂದು ನೋಡಿಕೊಂಡು, ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಿರಿ.

ಉತ್ತರ 2 – ನ್ಯಾಯವಾದಿ, ಧಾರವಾಡ

ಎರಡನೆಯ ಮಾತು ಇನ್ನೂ ಅಪಾಯಕಾರಿ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೊ ವ್ಯವಹಾರ ನಡೆಸುವವರಿಗೆ ಬ್ಯಾಂಕುಗಳು ಸೇವೆ ನೀಡದಂತೆ ತಡೆದಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ರಿಸರ್ವ್ ಬ್ಯಾಂಕಿಗೆ ಕ್ರಮ ಕೈಗೊಳ್ಳುವ ಅಧಿಕಾರವಿದೆ ಎಂದು ಒಪ್ಪಿದ ನ್ಯಾಯಾಲಯ, ಬ್ಯಾಂಕುಗಳಿಗೆ ಹಾನಿಯಾಗಿದೆ ಎಂಬುದನ್ನು ತೋರಿಸದೆ ಅಷ್ಟು ಕಠಿಣ ಕ್ರಮ ಕೈಗೊಂಡದ್ದು ಅತಿಯಾಯಿತು ಎಂದಿತು. 2021ರಲ್ಲಿ ಕ್ರಿಪ್ಟೊ ಕುರಿತ ಮಸೂದೆಯೊಂದು ಸಂಸತ್ತಿನ ಕಾರ್ಯಪಟ್ಟಿಯಲ್ಲಿ ಕಾಣಿಸಿಕೊಂಡರೂ ಮಂಡನೆಯಾಗಲಿಲ್ಲ.

2023ರ ಮಾರ್ಚ್ 7ರ ಅಧಿಸೂಚನೆಯಿಂದ ಎಕ್ಸ್‌ಚೇಂಜ್‌ಗಳು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಅವು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡು, ಗ್ರಾಹಕರ ಕೆವೈಸಿ ಪಡೆದು, ಅನುಮಾನಾಸ್ಪದ ವಹಿವಾಟುಗಳನ್ನು ವರದಿ ಮಾಡಬೇಕು. ಇದು ಅಪರಾಧದ ಹಣವನ್ನು ಹಿಡಿಯುವ ವ್ಯವಸ್ಥೆಯೇ ಹೊರತು ಹೂಡಿಕೆದಾರನನ್ನು ಕಾಯುವ ವ್ಯವಸ್ಥೆಯಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ. ಎಕ್ಸ್‌ಚೇಂಜ್‌ನಲ್ಲಿಟ್ಟ ಕಾಯಿನ್‌ಗೆ ಅಂಥದ್ದಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾದಾಗ, ಇಲ್ಲಿನ ಗ್ರಾಹಕರು ತಮ್ಮ ಪಾಲಿಗಾಗಿ ಸಿಂಗಪುರದ ನ್ಯಾಯಾಲಯದ ಪ್ರಕ್ರಿಯೆಯನ್ನು ಕಾಯಬೇಕಾಯಿತು.

ಪ್ರಶ್ನಿಸಿದವರು – ಮಲೆನಾಡಿಗ

ಇಬ್ಬರಿಗೂ ಕೃತಜ್ಞತೆಗಳು. ಒಂದು ಕಾಯಿನ್ ಕೊಟ್ಟು ನೇರವಾಗಿ ಇನ್ನೊಂದನ್ನು ಪಡೆದರೆ, ರೂಪಾಯಿ ಕೈಗೆ ಬಾರದ ಕಾರಣ ತೆರಿಗೆ ತಪ್ಪುತ್ತದೆಯೇ?

ಉತ್ತರ 3 – ಲೆಕ್ಕಪತ್ರ

ತಪ್ಪುವುದಿಲ್ಲ. ವಿನಿಮಯವೂ ವರ್ಗಾವಣೆಯೇ ಆದ್ದರಿಂದ ಆ ದಿನದ ಮೌಲ್ಯದಲ್ಲಿ ಲಾಭ ಲೆಕ್ಕ ಹಾಕಬೇಕು. ಎಕ್ಸ್‌ಚೇಂಜ್‌ನಿಂದ ಇಡೀ ವರ್ಷದ ವಹಿವಾಟಿನ ಪಟ್ಟಿ ಇಳಿಸಿಕೊಂಡು, ರಿಟರ್ನ್ಸ್‌ನ ವಿಡಿಎ ಷೆಡ್ಯೂಲ್‌ನಲ್ಲಿ ಪ್ರತಿ ವಹಿವಾಟಿನ ಕೊಂಡ ದಿನಾಂಕ, ಮಾರಿದ ದಿನಾಂಕ ಮತ್ತು ಎರಡೂ ಮೊತ್ತಗಳನ್ನು ನಮೂದಿಸಲು ತಮ್ಮನಿಗೆ ಹೇಳಿ.