ಪದಚರ್ಚೆ: ‘ಕಾಸ್ಕ್ ಸ್ಟ್ರೆಂತ್’ ವಿಸ್ಕಿಗೆ ‘ಗಟ್ಟಿ’ ಅನ್ನಬಹುದೇ?

ಗೆಳೆಯರೇ,

ಕೋಲಾರದಲ್ಲಿ ನಾವು ಕೆಲವರು ಸೇರಿ ವಿಸ್ಕಿ ರುಚಿ ನೋಡುತ್ತೇವೆ. ಅನ್ನಿಸಿದ್ದನ್ನು ಕನ್ನಡದಲ್ಲೇ ಬರೆದಿಡುತ್ತೇವೆ. ಈ ಸಲದ ಸರದಿ ಗ್ಲೆನ್‌ಫಾರ್ಕ್ಲಾಸ್ 105. ಸ್ಕಾಟ್ಲೆಂಡಿನ ಸ್ಪೇಸೈಡ್ ಸೀಮೆಯ ಸಿಂಗಲ್ ಮಾಲ್ಟ್ ಇದು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ. ಕಾಸ್ಕ್ ಸ್ಟ್ರೆಂತ್ ವಿಸ್ಕಿಗಳಲ್ಲಿ ಕೈಗೆಟುಕುವ ಬೆಲೆಯದು ಎಂಬ ಹೆಸರಿದೆ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ತೊಡಕು. ಕಾಸ್ಕ್ ಸ್ಟ್ರೆಂತ್ ಅನ್ನುವುದಕ್ಕೆ ನಮ್ಮ ಮಾತು ಯಾವುದು?

ಸಂಗತಿ ಇಷ್ಟು. ಸ್ಕಾಚ್ ಅನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಬೇಕು. ಮಾಗಿದ ಮೇಲೆ ಸಾಮಾನ್ಯವಾಗಿ ನೀರು ಬೆರೆಸಿ ಆಲ್ಕೋಹಾಲನ್ನು 40, 43 ಅಥವಾ 46%ಗೆ ಇಳಿಸಿ ಬಾಟಲಿಗೆ ತುಂಬುತ್ತಾರೆ. 40ಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಹೀಗೆ ನೀರು ಹಾಕಿ ಇಳಿಸದೆ ತುಂಬಿದ್ದು ಕಾಸ್ಕ್ ಸ್ಟ್ರೆಂತ್. 105ರಲ್ಲಿ ಆಲ್ಕೋಹಾಲ್ 60%. ಹೆಸರಿನ 105 ಆಲ್ಕೋಹಾಲ್ ಅಳೆಯುವ ಹಳೆಯ ಬ್ರಿಟಿಷ್ ಪ್ರೂಫ್ ಲೆಕ್ಕದ್ದು. ಅಲ್ಲಿ 100 ಪ್ರೂಫ್ ಅಂದರೆ ಸುಮಾರು 57.1%. ನಮ್ಮಲ್ಲಿ ಬಾಟಲಿಯ ಮೇಲೆ 42.8% ಅಂತ ಇರುತ್ತದೆ, ಅಲ್ವಾ? ಅದೂ ಇದೇ ಲೆಕ್ಕ, 75 ಪ್ರೂಫ್. ನೂರಕ್ಕೆ 25 ಕಡಿಮೆ, ಅದಕ್ಕೇ ‘25 ಯು.ಪಿ.’ (ಅಂಡರ್ ಪ್ರೂಫ್).

ಈಗ ಪದಕ್ಕೆ ಬರೋಣ. ‘ಪೀಪಾಯಿ ಬಲ’ ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಬಲ ಇರುವುದು ತೋಳಿಗೆ, ಎತ್ತಿಗೆ. ‘ರಾ’ ಅನ್ನೋಣವೆಂದರೆ ಆ ಪದ ಆಗಲೇ ಬೇರೆ ಕೆಲಸದಲ್ಲಿದೆ. ‘ರಾ ಹೊಡೆದ’ ಎಂದರೆ ಲೋಟದಲ್ಲಿ ನೀರು ಬೆರೆಸದೆ ಕುಡಿದ. ಅದು ಕುಡಿಯುವವನ ಆಯ್ಕೆ. ಕಾಸ್ಕ್ ಸ್ಟ್ರೆಂತ್ ಬಾಟಲಿ ತುಂಬುವವನ ಆಯ್ಕೆ. ಎರಡನ್ನೂ ಒಂದೇ ಪದಕ್ಕೆ ಕಟ್ಟಿದರೆ ಓದುವವರಿಗೆ ಗೊಂದಲ.

ನನ್ನ ಒಲವು ‘ಗಟ್ಟಿ’ ಕಡೆಗೆ. ಡೇರಿಗೆ ಹಾಲು ಹಾಕುವ ಊರಿನವರು ನಾವು. ಗಟ್ಟಿ ಹಾಲು ಎಂದರೆ ನೀರು ಸೇರದ ಹಾಲು ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಗಡಿಯ ತೆಲುಗಿನವರ ‘ಚಿಕ್ಕಟಿ ಪಾಲು’ ಕೂಡ ಇದೇ. ಹಾಗಾದರೆ ‘ಗಟ್ಟಿ ವಿಸ್ಕಿ’ ಯಾಕಾಗಬಾರದು? ಗಟ್ಟಿ ಎಂದರೆ ಮಂದ ಅನ್ನುವ ಅರ್ಥವೂ ಇದೆಯಲ್ಲ ಎಂದು ಗೆಳೆಯರೊಬ್ಬರ ತಕರಾರು. ತಕರಾರು ನ್ಯಾಯವೇ. ಆದರೆ ‘ಸ್ಟ್ರಾಂಗ್’, ‘ಕಡಕ್’ ಮಾಡುವ ಗೊಂದಲ ಇದಕ್ಕಿಂತ ಜಾಸ್ತಿ.

ರುಚಿ ನೋಡುವಾಗ ಆ ಗೊಂದಲ ಚೆನ್ನಾಗಿ ಗೊತ್ತಾಯಿತು. ಮೂಗು ಹತ್ತಿರ ತಂದರೆ ಮೊದಲು ಘಾಟು. ನಾಲಿಗೆಗೆ ಒಂದು ಹನಿ ಬಿದ್ದರೆ ಖಾರ. ಖಾರ ಅನ್ನುವುದು ಸುಮ್ನೆ ಬಾಯಿಮಾತಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆರಳಿಸುವ ನರತುದಿಯ ಗ್ರಾಹಕವನ್ನೇ ಆಲ್ಕೋಹಾಲೂ ಕೆರಳಿಸುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆವು. 30 ಮಿ.ಲೀ.ಗೆ 15 ಮಿ.ಲೀ. ನೀರು ಸೇರುವಷ್ಟರಲ್ಲಿ 60 ಇದ್ದದ್ದು 40ಕ್ಕೆ ಬರುತ್ತದೆ. ಖಾರ ತಗ್ಗಿತು. ಒಣದ್ರಾಕ್ಷಿ, ಬೆಲ್ಲದ ಪಾಕ, ಚಕ್ಕೆ ಒಂದೊಂದಾಗಿ ಮೇಲೆ ಬಂದವು. ಮೊದಲು ಶೆರಿ ಎಂಬ ಸ್ಪೇನಿನ ವೈನ್ ತುಂಬಿದ್ದ ಪೀಪಾಯಿಯ ಗುಣ ಅದು. ನೀರು ಬೆರೆಸಿದರೆ ಕೆಲವು ಪರಿಮಳಗಳು ಮೇಲಕ್ಕೆ ಏಳುತ್ತವೆ ಎಂದು ಸ್ವೀಡನ್ನಿನ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಕೊನೆಯಲ್ಲಿ ಉಳಿದದ್ದು ಓಕ್ ಮರದ ಒಗರು. ಎಂಥ ಒಳ್ಳೆಯ ಪದ ನಮ್ಮ ಒಗರು!

ಅಂದರೆ ಆಲ್ಕೋಹಾಲಿನ ಪ್ರಮಾಣ, ಬಾಯಿಗೆ ತಟ್ಟುವ ಉರಿ, ರುಚಿಯ ದಟ್ಟತನ, ಇವು ಮೂರೂ ಬೇರೆ. ಮೂರಕ್ಕೂ ‘ಸ್ಟ್ರಾಂಗ್’ ಅಂದುಬಿಡುತ್ತೇವೆ. ಗಟ್ಟಿ, ಖಾರ, ದಟ್ಟ ಎಂದು ಹಂಚಿಕೊಂಡರೆ ಬರೆಯುವುದು ಸಲೀಸು. ಬೆಲೆಯ ಮಾತೂ ‘ಗಟ್ಟಿ’ಯಿಂದಲೇ ಬಿಡಿಸಿ ಹೇಳಬಹುದು. 700 ಮಿ.ಲೀ. ಗಟ್ಟಿ ವಿಸ್ಕಿ ನೀರು ಸೇರಿದರೆ 40%ರ 1050 ಮಿ.ಲೀ. ಆಗುತ್ತದೆ. ಕೈಗೆಟುಕುವ ಬೆಲೆ ಅನ್ನುವಾಗ ಈ ಲೆಕ್ಕವನ್ನೂ ಹಿಡಿಯಬೇಕು.

ನನ್ನ ಪ್ರಶ್ನೆ ಹಿರಿಯರಿಗೆ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು. ಅದಕ್ಕೂ ಮೊದಲು ನೀರು ಬೆರೆಸದ ಸಾರಾಯಿಗೆ ನಿಮ್ಮ ಕಡೆ ಏನನ್ನುತ್ತಿದ್ದರು? ಭಟ್ಟಿಯಿಂದ ಮೊದಲು ಇಳಿದದ್ದಕ್ಕೆ ಬೇರೆ ಹೆಸರಿತ್ತೇ? ಮುಳಬಾಗಿಲು, ಮಾಲೂರು, ಬಾಗೇಪಲ್ಲಿ, ಪಾವಗಡದ ಮಾತು ವಿಶೇಷವಾಗಿ ಬೇಕು. ತೆಲುಗು ಪದವಾದರೂ ಸರಿ. ಕೇಳಿದ ಊರು ಮತ್ತು ಅದು ಬಂದ ವಾಕ್ಯವನ್ನು ಜೊತೆಗೆ ಬರೆಯಿರಿ.