ವಿಂಡೋಸ್ 10 ಬಿಟ್ಟರೆ ಮುಂದೆ ಯಾವುದು? ನುಡಿ ಫೈಲು, ಹಳೇ ಪ್ರಿಂಟರು, ಒಂಬತ್ತನೇ ಕ್ಲಾಸಿನ ಪಾಠ ಎಲ್ಲ ನಡೆಯಬೇಕು

ಬದಿಯಡ್ಕ ಪೇಟೆ (ಪ್ರಶ್ನೆ)

ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್. ಐದನೇ ಜನರೇಷನ್ನಿನ ಇಂಟೆಲ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಒಂದು ಚಾ ಕುಡಿದು ಬರಬಹುದು. ವಿಂಡೋಸ್ 11 ಆಗುವುದಿಲ್ಲ ಅಂತ ಅದೇ ಹೇಳುತ್ತದೆ.

ಆಗಬೇಕಾದ ಕೆಲಸ: ಎಕ್ಸೆಲ್‌ನಲ್ಲಿ ಅಡಿಕೆ ಲೆಕ್ಕ, ಬ್ಯಾಂಕು, ಕರೆಂಟ್ ಬಿಲ್ಲು, ವಾಟ್ಸ್‌ಆ್ಯಪ್. ಅಪ್ಪ ನುಡಿಯಲ್ಲಿ (ಕನ್ನಡ ಟೈಪಿಂಗಿನ ತಂತ್ರಾಂಶ) ಟೈಪ್ ಮಾಡಿಟ್ಟ ಸುಮಾರು 400 ಫೈಲು ಉಂಟು, ದೇವಸ್ಥಾನದ ಆಮಂತ್ರಣ, ತಾಳಮದ್ದಳೆಯ ಕರಪತ್ರ ಇತ್ಯಾದಿ. ಮಗಳು ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸು, ಶಾಲೆಯಲ್ಲಿ ಕೈಟ್‌ನ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸಂಸ್ಥೆ) ಲಿನಕ್ಸ್. ಪ್ರಿಂಟರು ಕ್ಯಾನನ್ ಎಲ್‌ಬಿಪಿ 2900. ವಿಂಡೋಸಿನಲ್ಲೇ ಉಳಿಯುವುದಾ, ಲಿನಕ್ಸ್ ಹಾಕುವುದಾ, ಕ್ರೋಮ್ ಓಎಸ್ ಫ್ಲೆಕ್ಸಾ, ಅಲ್ಲ ಮ್ಯಾಕ್ ತೆಗೆದುಕೊಳ್ಳುವುದಾ?

ಪಯಸ್ವಿನಿ

ಮೊದಲು ಹಾರ್ಡ್‌ಡಿಸ್ಕ್ ಬದಲಿಸಿ, ಓಎಸ್ (ವಿಂಡೋಸ್, ಲಿನಕ್ಸಿನಂಥ ಮೂಲ ತಂತ್ರಾಂಶ) ಮಾತು ಆಮೇಲೆ. ಆ ನಿಧಾನದ ಮುಕ್ಕಾಲು ಪಾಲು ವಿಂಡೋಸಿನದ್ದಲ್ಲ, ತಿರುಗುವ ಡಿಸ್ಕಿನದ್ದು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಆನ್ ಆದ ಮೇಲೆ ಹತ್ತು ನಿಮಿಷ ಡಿಸ್ಕ್ ಕಾಲಂ 100 ಶೇಕಡಾದಲ್ಲೇ ನಿಂತಿದ್ದರೆ ಅನುಮಾನವೇ ಬೇಡ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕು), 256 ಜಿಬಿ ಸಾಕು. ರ‍್ಯಾಮ್ 8ಕ್ಕೆ ಏರಿಸಿ. ಐದನೇ ಜನರೇಷನ್ನಿನ ಹೆಚ್ಚಿನ ಲ್ಯಾಪ್‌ಟಾಪಿಗೆ ಬೇಕಾದದ್ದು ಡಿಡಿಆರ್3ಎಲ್, 1.35 ವೋಲ್ಟಿನದ್ದು. ಸ್ಟಿಕ್ಕರಿನಲ್ಲಿ ಪಿಸಿ3ಎಲ್ ಅಂತ ಇರಬೇಕು. ಅಂಗಡಿಯವರು ಬರೀ ಪಿಸಿ3 ಕೊಟ್ಟರೆ ಅದು 1.5 ವೋಲ್ಟು, ಕೆಲವು ಮೆಷಿನ್ ಆನೇ ಆಗುವುದಿಲ್ಲ.

ಈಗ ಓಎಸ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 22ಎಚ್2 ಆವೃತ್ತಿ ಇದ್ದು ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ದುಡ್ಡಿಲ್ಲದೆ ಸಿಗುತ್ತದೆ. ಅಪ್‌ಡೇಟ್ ಪುಟದಲ್ಲೇ ಎನ್ರೋಲ್ ಬಟನ್ ಉಂಟು. ಇವತ್ತೇ ಮಾಡಿ, ಯೋಚನೆ ಮಾಡಲು ಸಮಯವಾದರೂ ಸಿಗುತ್ತದೆ. 11 ಬೇಡವೆನ್ನುವುದು ಯಾಕೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಷನ್ ಬೇಕು. ರುಫಸ್‌ನಲ್ಲಿ (ಓಎಸನ್ನು ಪೆನ್‌ಡ್ರೈವಿಗೆ ಬರೆಯುವ ತಂತ್ರಾಂಶ) ಆ ತಪಾಸಣೆ ತಪ್ಪಿಸಿ ಹಾಕಬಹುದು, ಹಾಕಿದವರು ಬೇಕಾದಷ್ಟು ಜನ. ಆದರೆ ವರ್ಷಕ್ಕೊಮ್ಮೆಯ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಪ್ರತಿಸಲ ಅದೇ ಸರ್ಕಸ್ಸು.

ನನ್ನ ವೋಟು ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರವರೆಗೆ ಅಪ್‌ಡೇಟ್ ಉಂಟು. ಫ್ಲೆಕ್ಸ್ ನಿಮಗೆ ಆಗದು: ಅದರಲ್ಲಿ ಪ್ಲೇ ಸ್ಟೋರ್ ಇಲ್ಲ, ಆಂಡ್ರಾಯ್ಡ್ ಆ್ಯಪ್ ಇಲ್ಲ, ಬ್ರೌಸರ್ ಬಿಟ್ಟರೆ ಹೆಚ್ಚೇನಿಲ್ಲ. ಮ್ಯಾಕ್ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಅಷ್ಟು ದುಡ್ಡು ಸುರಿಯುವುದು ನೊಣ ಹೊಡೆಯಲು ಕೊಡಲಿ ತಂದ ಹಾಗೆ.

ಅಚ್ಚುಮೊಳೆ

ನುಡಿ ಫೈಲಿನ ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಅದೇ ದೊಡ್ಡ ತಲೆನೋವು ಆಗಲಿಕ್ಕುಂಟು.

ಹಳೆಯ ನುಡಿ ಫಾಂಟಿನಲ್ಲಿ "ಕನ್ನಡ" ಅಂತ ಟೈಪ್ ಮಾಡಿದ್ದರೆ ಫೈಲಿನ ಒಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಪೌಂಡಿನ ಚಿಹ್ನೆ, ಪುನಃ ಅದೇ ಎ, ಜರ್ಮನ್ನಿನ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಂದು ಎ. ಇಷ್ಟೇ. ಫಾಂಟು ಅದರ ಮೇಲೆ ಕನ್ನಡದ ವೇಷ ಕಟ್ಟುತ್ತದೆ. ಫಾಂಟು ಇಲ್ಲದ ಮೆಷಿನ್ನಿನಲ್ಲಿ ತೆರೆದರೆ ವೇಷ ಕಳಚಿ ಈ ಗೋಜಲು ಕಾಣುತ್ತದೆ. ಫೈಲು ಹಾಳಾಯಿತು ಅಂತ ಡಿಲೀಟ್ ಮಾಡಬೇಡಿ.

ಮಿಂಟ್‌ನಲ್ಲಿ ಓದಲಿಕ್ಕೆ ಮಾತ್ರವಾದರೆ ಸುಲಭ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ, ಮಿಂಟ್‌ನ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ "ಫಾಂಟ್ಸ್" ಹೆಸರಿನ ಫೋಲ್ಡರ್ ಮಾಡಿ ಅದರೊಳಗೆ ಇಡಿ. ಲಿಬ್ರೆಆಫೀಸ್ (ವರ್ಡ್, ಎಕ್ಸೆಲ್ ಬದಲಿಗೆ ಬಳಸುವ ತಂತ್ರಾಂಶ) ಮುಚ್ಚಿ ತೆರೆದರೆ ಆಮಂತ್ರಣ ಮೊದಲಿನಂತೆ ಕಾಣುತ್ತದೆ. ಸಾಲು ಅಲ್ಲಿ ಇಲ್ಲಿ ಜಾರಬಹುದು.

ತಿದ್ದಲಿಕ್ಕೆ, ವಾಟ್ಸ್‌ಆ್ಯಪಿಗೆ ಹಾಕಲಿಕ್ಕೆ ಬೇಕಾದರೆ ಯೂನಿಕೋಡಿಗೆ (ಎಲ್ಲ ಮೆಷಿನ್ನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಕ್ರಮ) ಬದಲಿಸಲೇಬೇಕು. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ, ವಿಂಡೋಸ್ ತೆಗೆಯುವ ಮುಂಚೆಯೇ ಮಾಡಿ. 400ನ್ನೂ ಬೇಡ, ಪುನಃ ಉಪಯೋಗಕ್ಕೆ ಬರುವಂಥದ್ದು ಮಾತ್ರ. ತಪ್ಪುವುದು ಎರಡು ಕಡೆ. ಒಂದು ಅರ್ಕಾವತ್ತು: "ಕಾರ್ಯಕ್ರಮ", "ಅರ್ಚಕರು" ಇರುವ ಸಾಲುಗಳನ್ನು ಕಣ್ಣಿಟ್ಟು ಓದಿ. ಇನ್ನೊಂದು ನಡುವೆ ಬಂದ ಇಂಗ್ಲಿಷ್ ಪದ. ಪರಿವರ್ತಕ ಅದನ್ನೂ ನುಡಿ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಮೂಲ ಫೈಲು ಇಟ್ಟುಕೊಂಡೇ ಮುಂದುವರಿಯಿರಿ.

ಅಪ್ಪನ ಕೈ ಅಭ್ಯಾಸಕ್ಕೆ ತೊಂದರೆ ಇಲ್ಲ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಐಬಸ್-ಎಂ17ಎನ್ ಎಂಬ ಕೀಲಿಮಣೆ ತಂತ್ರಾಂಶ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಉಂಟು, ಅದೇ ನುಡಿ ಕೀಲಿಮಣೆ. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ "ಕನ್ನಡ". ಲಾಗೌಟ್ ಮರೆತವರೇ "ಬರುವುದಿಲ್ಲ" ಅಂತ ಬರೆಯುವುದು. ವಿಂಡೋಸಿನೊಳಗೇ ಇರುವ ಕನ್ನಡ ಫೊನೆಟಿಕ್ ಬೇರೆ ಕ್ರಮದ್ದು, ನುಡಿಯ ಕೈಗೆ ಅದು ಒಗ್ಗುವುದಿಲ್ಲ.

ಪಂಚಾಯತಿನ ಹಳೇ ಮಲಯಾಳಂ ಫೈಲುಗಳಿಗೂ ಇದೇ ರೋಗ, ಎಂಎಲ್-ಟಿಟಿ ಕಾರ್ತಿಕ ಫಾಂಟಿನವು. ಹೊಸ ಮಲಯಾಳಕ್ಕೆ ಫಾಂಟ್ಸ್-ಎಸ್‌ಎಂಸಿ ಹಾಕಿದರೆ ಸಾಕು.

ಉಪ್ಪಳ ಸರ್ವಿಸ್

ಪಯಸ್ವಿನಿಯವರು ಪ್ರಿಂಟರಿನ ಹೆಸರೇ ಎತ್ತಲಿಲ್ಲ! ಎಲ್‌ಬಿಪಿ 2900 ಗಟ್ಟಿ ಮೆಷಿನ್, ಸಂಶಯವಿಲ್ಲ. ಆದರೆ ಅದು ಮಾತಾಡುವುದು ಕ್ಯಾಪ್ಟ್ ಎಂಬ ತನ್ನದೇ ಭಾಷೆ. ಪುಟವನ್ನು ಸಿದ್ಧ ಮಾಡುವ ಕೆಲಸ ಕಂಪ್ಯೂಟರಿನದ್ದು, ಪ್ರಿಂಟರಿನಲ್ಲಿ ಬುದ್ಧಿ ಕಡಿಮೆ. ಹಾಗಾಗಿ ಡ್ರೈವರ್ ಇಲ್ಲದಿದ್ದರೆ ಒಂದು ಗೆರೆಯೂ ಬೀಳದು. ಲಿನಕ್ಸಿಗೆ ಕಂಪನಿಯ ಡ್ರೈವರ್ ಉಂಟು, ಆದರೆ ಹಳೆಯದು. 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ, ಸಿಸಿಪಿಡಿ ಎಂಬ ಸೇವೆ ಹಿಂದೆ ಓಡುತ್ತಿರಬೇಕು. ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ ಅದು ಸಿಕ್ಕಿಹಾಕಿಕೊಳ್ಳುವುದು ಮಾಮೂಲು. ಮಳೆಗಾಲದಲ್ಲಿ ನಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ನಿಮಗೇ ಗೊತ್ತು.

ಎಪ್ಸನ್ನಿನ ಎಲ್ ಸರಣಿ, ಎಚ್‌ಪಿಯ ಹೆಚ್ಚಿನವು, ಹೊಸ ವೈಫೈ ಪ್ರಿಂಟರುಗಳು ಮಿಂಟ್‌ನಲ್ಲಿ ಚುಚ್ಚಿದರೆ ಓಡುತ್ತವೆ. ನಿಮ್ಮದು ಆ ಪೈಕಿ ಅಲ್ಲ. ಪ್ರಿಂಟರು ಬದಲಿಸುವ ಅಂದಾಜು ಇಲ್ಲದಿದ್ದರೆ ವಿಂಡೋಸನ್ನು ಪೂರ್ತಿ ತೆಗೆಯಬೇಡಿ.

ಬದಿಯಡ್ಕ ಪೇಟೆ

ಹಾಗಾದರೆ ಎರಡೂ ಇಟ್ಟುಕೊಳ್ಳುವುದಾ? ಮಗಳಿಗೆ ಶಾಲೆಯದ್ದೇ ಕೈಟ್ ಲಿನಕ್ಸ್ ಹಾಕಿದರೆ ಹೇಗೆ ಮಾಷ್ಟ್ರೇ?

ಪಯಸ್ವಿನಿ

ಪ್ರಿಂಟರಿನ ವಿಷಯ ತಪ್ಪಿಹೋಯಿತು, ಅಣ್ಣ ಹೇಳಿದ್ದು ಸರಿ. ಎರಡೂ ಇರಲಿ.

ಕೈಟ್‌ನದ್ದು ಉಬುಂಟುವಿನ ಮೇಲೆ ಕಟ್ಟಿದ್ದು. 22.04 ಆದರೆ ಅದರ ಬುಡದ ಉಬುಂಟುವಿನ ಮಾಮೂಲು ಬೆಂಬಲ 2027ಕ್ಕೆ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಐಟಿ ಪ್ರಾಕ್ಟಿಕಲ್ ಅದರಲ್ಲೇ ನಡೆಯುವುದರಿಂದ ಮೆನುವಿನ ಅಭ್ಯಾಸಕ್ಕೆ ಒಳ್ಳೆಯದು. ಆದರೆ ಅದಕ್ಕಾಗಿಯೇ ಓಎಸ್ ಆರಿಸಬೇಕಾಗಿಲ್ಲ. ಜಿಯೋಜೀಬ್ರಾ, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಮೂರೂ ವಿಂಡೋಸ್, ಮಿಂಟ್ ಎರಡರಲ್ಲೂ ಪುಕ್ಕಟೆ.

ಕ್ರಮ ಹೀಗೆ. ಹಳೇ ಡಿಸ್ಕಿನಲ್ಲಿರುವುದನ್ನು ಹೊರಗೆ ನಕಲು ಮಾಡಿ. ಎಸ್‌ಎಸ್‌ಡಿ ಹಾಕಿ ವಿಂಡೋಸ್ 10 ಮೊದಲು, 120 ಜಿಬಿಯಲ್ಲಿ. ಅದರ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ತೆಗೆಯದಿದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ರೆಯಲ್ಲಿರುತ್ತದೆ. ಮಿಂಟ್‌ನಿಂದ ಆ ಡ್ರೈವಿನ ಫೈಲು ಓದಬಹುದು, ಬರೆಯಲು ಬಿಡದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ 48 ಅಂಕೆಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ.

ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) 3 ಜಿಬಿಯ ಆಸುಪಾಸು, 8 ಜಿಬಿ ಪೆನ್‌ಡ್ರೈವಿಗೆ ರುಫಸ್‌ನಲ್ಲಿ ಬರೆಯಿರಿ. ಡೆಲ್, ಲೆನೊವೊ ಆದರೆ ಆನ್ ಮಾಡುವಾಗ ಎಫ್12, ಎಚ್‌ಪಿ ಆದರೆ ಎಫ್9 ಒತ್ತಿ ಪೆನ್‌ಡ್ರೈವನ್ನು ಆರಿಸಿ. ಇನ್‌ಸ್ಟಾಲ್ ಒತ್ತುವ ಮೊದಲು ಪೆನ್‌ಡ್ರೈವಿನಿಂದಲೇ ಅರ್ಧ ಗಂಟೆ ಓಡಿಸಿ: ವೈಫೈ, ಶಬ್ದ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದಾ, ಬ್ಯಾಂಕಿನ ಸೈಟು. ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲಿನಲ್ಲಿ ಚುಚ್ಚಿ ಯುಎಸ್‌ಬಿ ಟೆಥರಿಂಗ್ ಕೊಟ್ಟು ಡ್ರೈವರ್ ಮ್ಯಾನೇಜರ್ ತೆರೆಯಿರಿ.

ಹಾಕಿದ ಮೇಲೆ ಟೈಮ್‌ಶಿಫ್ಟ್ (ಓಎಸ್‌ನ ಆಯಾ ದಿನದ ಸ್ಥಿತಿಯನ್ನು ನಕಲು ಮಾಡಿಡುವಂಥದ್ದು) ಆನ್ ಮಾಡಿ, ದಿನಕ್ಕೊಂದರಂತೆ ಎರಡು ನಕಲು ಸಾಕು. ಅಪ್‌ಡೇಟಿನ ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಹಿಂದಿನ ದಿನಕ್ಕೆ ಹೋಗಬಹುದು. ಆದರೆ ಟೈಮ್‌ಶಿಫ್ಟ್ ಹೋಮ್ ಫೋಲ್ಡರನ್ನು ಉಳಿಸುವುದಿಲ್ಲ. ಅಪ್ಪನ ಫೈಲಿಗೆ ಬೇರೆ ನಕಲು ಬೇಕು.

ಮಂಜೇಶ್ವರ ಲೆಕ್ಕ

ಒಂದು ತಕರಾರು. ಅಡಿಕೆ ಲೆಕ್ಕದ ಎಕ್ಸೆಲಿನಲ್ಲಿ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ) ಇದ್ದರೆ ಲಿಬ್ರೆಆಫೀಸಿನಲ್ಲಿ ನಡೆಯುತ್ತದೆ ಅಂತ ಧೈರ್ಯ ಹೇಳಲಿಕ್ಕಾಗದು. ಬರೀ ಕೂಡಿಸುವುದು ಕಳೆಯುವುದಾದರೆ ಏನೂ ಆಗದು. ಮನೆಯಲ್ಲಿ ಯಾರಾದರೂ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ ಓಡಿಸುವವರಿದ್ದರೆ ಅದು ವಿಂಡೋಸಿಗೇ. ವಾಟ್ಸ್‌ಆ್ಯಪಿಗೂ ಲಿನಕ್ಸಿನಲ್ಲಿ ಕಂಪನಿಯ ಆ್ಯಪ್ ಇಲ್ಲ, ಬ್ರೌಸರಿನಲ್ಲಿ ವಾಟ್ಸ್‌ಆ್ಯಪ್ ವೆಬ್.

ಬದಿಯಡ್ಕ ಪೇಟೆ

ಮ್ಯಾಕ್ರೋ ಇಲ್ಲ, ಟ್ಯಾಲಿ ಇಲ್ಲ. ಇನ್ನೊಂದೇ ಪ್ರಶ್ನೆ: 2026ರ ಅಕ್ಟೋಬರ್ ಕಳೆದು ಅಪ್‌ಡೇಟ್ ನಿಂತ ಮೇಲೆ ಆ ವಿಂಡೋಸನ್ನು ಏನು ಮಾಡುವುದು?

ಉಪ್ಪಳ ಸರ್ವಿಸ್

ನೆಟ್ ಕೊಡಬೇಡಿ, ಅಷ್ಟೇ. ವೈಫೈ ಪಾಸ್‌ವರ್ಡ್ ಮರೆಸಿಬಿಡಿ. ಮಿಂಟ್‌ನಲ್ಲಿ ಪಿಡಿಎಫ್ ಮಾಡಿ ವಿಂಡೋಸಿನ ಡ್ರೈವಿನಲ್ಲೇ ಇಟ್ಟು, ಆಚೆ ಬೂಟ್ ಮಾಡಿ ಪ್ರಿಂಟ್ ತೆಗೆಯಿರಿ. ಫಾಂಟಿನ ರಗಳೆಯೂ ಇರುವುದಿಲ್ಲ, ಪಿಡಿಎಫ್‌ನೊಳಗೆ ಫಾಂಟು ಕೂತಿರುತ್ತದೆ.