ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು: ಮಕ್ಕಳ ಜೊತೆ ಯಾವ ದಾರಿ?

ಎರಡು ಪುಟ್ಟ ಮಕ್ಕಳನ್ನು ಕರ್ಕೊಂಡು ಬೇಸಿಗೆ ರಜಕ್ಕೆ ಮೈಸೂರಿಗೆ ಹೋಗಬೇಕು, ಯಾವ ದಾರಿ ಹತ್ತಿರ ಅಂತ ಕೇಳಿದ್ದೀರಿ. ಹತ್ತಿರ ಅಂದ್ರೆ ನೇರ ವಿಮಾನವೇ, ಸುಮಾರು 14,000 ಕಿಲೋಮೀಟರ್. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿರೋದ್ರಿಂದ ಅತಿ ಚಿಕ್ಕ ದಾರಿ ಉತ್ತರ ಧ್ರುವ ಪ್ರದೇಶದ ಮೇಲಿಂದಲೇ ಹಾದುಹೋಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಆ ಕಡೆಯಿಂದ ಬೆಂಗಳೂರಿಗೆ ತಂದಿಳಿಸಿದ್ದು ನೆನಪಿರಬಹುದು. ನಿಮ್ಮ ತಾರೀಖಿಗೆ ನೇರ ವಿಮಾನ ಇದೆಯಾ ಅಂತ ಮೊದಲು ನೋಡ್ಕೊಳ್ಳಿ.

ನೇರ ವಿಮಾನವಾದರೆ ಹೋಗುವಾಗ ಹದಿನೇಳೂವರೆ ಗಂಟೆ ಹಿಡಿಯುತ್ತೆ ಅಂದ್ಕೊಳ್ಳಿ. ವಾಪಸ್ ಬರುವಾಗ ಪೆಸಿಫಿಕ್ ಮೇಲೆ ಪೂರ್ವಕ್ಕೆ ಬೀಸೋ ಮೇಲ್ಗಾಳಿ ಬೆನ್ನಿಗಿರುತ್ತೆ, 16 ಗಂಟೆ ಆಸುಪಾಸಿಗೆ ಇಳಿಯುತ್ತೆ. ಬೇಸಿಗೆಯಲ್ಲಿ ಗಡಿಯಾರದ ವ್ಯತ್ಯಾಸ ಹನ್ನೆರಡೂವರೆ ಗಂಟೆ. ಶನಿವಾರ ರಾತ್ರಿ 9ಕ್ಕೆ ಇಲ್ಲಿ ಹತ್ತಿದರೆ ಅಲ್ಲಿ ಇಳಿಯೋದು ಸೋಮವಾರ ಬೆಳಗಿನ ಜಾವ 3ಕ್ಕೆ. ಟಿಕೆಟ್ ನೋಡಿದ ಅಜ್ಜಿಯಂದಿರು ಎರಡು ದಿನ ವಿಮಾನದಲ್ಲೇ ಇರ್ತೀರಾ ಅಂತ ಗಾಬರಿಯಾಗೋದು ಇದಕ್ಕೇ!

ಆದರೆ ಮಕ್ಕಳಿದ್ದಾಗ ನಾನು ಒಟ್ಟು ಗಂಟೆಗಿಂತ ಪ್ರಯಾಣ ಎಲ್ಲಿ ತುಂಡಾಗುತ್ತೆ ಅಂತ ನೋಡ್ತೀನಿ. ದುಬೈ ಮೇಲೆ ಹೋದರೆ ಸುಮಾರು 16 ಗಂಟೆ, ಆಮೇಲೆ 4 ಗಂಟೆ. ಸಿಂಗಪುರದ ಲೆಕ್ಕವೂ ಹಾಗೇ. ರಾತ್ರಿಯೆಲ್ಲ ರಂಪ ಮಾಡಿದ ಮಗು ಕೊನೆಗೆ ನಿದ್ದೆಹೋಗೋದೇ ಇಳಿಯೋ ಹೊತ್ತಿಗೆ. ಎಬ್ಬಿಸಿ, ಹೊತ್ಕೊಂಡು, ಇನ್ನೊಂದು ಗೇಟ್ ಹುಡುಕಬೇಕು. ಫ್ರಾಂಕ್‌ಫರ್ಟ್ ಮೇಲಾದರೆ 11 ಗಂಟೆ, ಆಮೇಲೆ 9. ದೂರ ಎರಡು ಸಾವಿರ ಕಿಲೋಮೀಟರ್‌ಗೂ ಜಾಸ್ತಿಯಾಗುತ್ತೆ, ಆಗಲಿ ಬಿಡಿ. ನಡುವೆ ಬಟ್ಟೆ ಬದಲಿಸಿ, ನಡೆಯೋ ಮಗುವನ್ನು ಒಂದು ಗಂಟೆ ಓಡಾಡೋಕೆ ಬಿಡಬಹುದು. ನಡುವೆ ವಿಮಾನ ಬದಲಿಸೋಕೆ ಆ ದೇಶದ ಟ್ರಾನ್ಸಿಟ್ ವೀಸಾ ಬೇಕಾ ಅನ್ನೋದನ್ನು ಮಾತ್ರ ಬುಕ್ ಮಾಡೋ ಮುಂಚೆಯೇ ತಿಳ್ಕೊಳ್ಳಿ.

ಬ್ಯಾಸಿನೆಟ್‌ನಲ್ಲಿ (ಸೀಟಿನ ಮುಂದಿನ ಗೋಡೆಗೆ ತಗುಲಿಸೋ ಪುಟ್ಟ ತೊಟ್ಟಿಲು) ಹಿಡಿಸೋ ಕೂಸಾದರೆ, ನೇರ ವಿಮಾನ ಸಿಕ್ಕರೆ ಅದೇ ಸೈ. ಫೋನ್ ಮಾಡಿ ಮುಂದಿನ ಗೋಡೆಯ ಪಕ್ಕದ ಸೀಟು ಹಿಡಿದಿಟ್ಕೊಳ್ಳಿ. ಬೇಯಿಸದೆ ಬಿಸಿನೀರಿಗೇ ಕಲಸೋ ಥರದ ರಾಗಿ ಸರಿ ಪುಡಿ ಕೈಚೀಲದಲ್ಲೇ ಇರಲಿ. ಬಿಸಿನೀರು ಕೇಳಿದರೆ ಕೊಡ್ತಾರೆ, ಕೈ ಸುಡೋಷ್ಟು ಬಿಸಿ ಇರುತ್ತೆ, ಅರ್ಧ ತಣ್ಣೀರು ಬೆರೆಸಿ. ಇನ್ನೊಂದು: ರಜದ ಮಧ್ಯೆ ಮಗುವಿಗೆ ಎರಡು ವರ್ಷ ತುಂಬಿದರೆ ವಾಪಸ್ ಬರುವಾಗ ಅದಕ್ಕೂ ಸೀಟು ತಗೊಳ್ಳಬೇಕು, ಆ ದುಡ್ಡು ಸೇರಿಸಿಯೇ ಹೋಲಿಸಿ.

ದೇವನಹಳ್ಳಿಯಲ್ಲಿ ಇಳಿದ ಮೇಲೆ ಮೈಸೂರಿಗೆ ಇನ್ನೂ ನಾಲ್ಕು ಗಂಟೆ. ಕೆಎಸ್‌ಆರ್‌ಟಿಸಿ ಫ್ಲೈಬಸ್ ವಿಮಾನ ನಿಲ್ದಾಣದಿಂದಲೇ ಹೊರಡುತ್ತೆ, ಸೂಟ್‌ಕೇಸ್ ಸಮೇತ ಹತ್ತಬಹುದು. ನಡುರಾತ್ರಿ ಭಾವನವರು ಸಣ್ಣ ಕಾರು ತಗೊಂಡು ಅಷ್ಟು ದೂರ ಬರೋದು ಬೇಡ ಅಂತ ಈಗಲೇ ಹೇಳಿಬಿಡಿ.